ಬುಟ್ಟಿಯಲ್ಲಿದ್ದ ನಡಿಗೆಗಳು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರು ಮನೆಯ ಗೇಟು ಕಾಣುತ್ತಿರಲಿಲ್ಲ. ಅದು ತೆರೆದುಕೊಂಡು ಮತ್ತೆ ಮುಚ್ಚಿಕೊಂಡ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊತ್ತು ಏರುತ್ತಿದ್ದರೂ ಬಿಸಿಲಿಗೆ ಬೀದಿಗಿಳಿಯುವ ಮನಸ್ಸಿರಲಿಲ್ಲ. ಅವನು ಅಡುಗೆಮನೆಯ ಕಿಟಕಿಯ ಬಳಿ ನಿಂತು, ದಿನವೂ ನಿಲ್ಲುವ ಹಾಗೆ, ಎರಡು ನಿಮಿಷ ಕಣ್ಣು ಮುಚ್ಚಿ ದೇವರನ್ನು ನೆನೆದ. ಮೂರು ದಿನದಿಂದ ಹೇಳುತ್ತಿದ್ದದ್ದನ್ನೇ ಮತ್ತೊಮ್ಮೆ ಹೇಳಿದ: ತಪ್ಪು ನನ್ನದು. ಹೇಳಿದ ಮೇಲೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ದೇವರ ಮುಂದೆ ಒಪ್ಪಿಕೊಳ್ಳುವುದರಲ್ಲಿ ಕಷ್ಟವೇನಿದೆ, ಅವನಿಗೆ ಎಲ್ಲವೂ ಮೊದಲೇ ಗೊತ್ತು. ಗೊತ್ತಿರುವವನಿಗೆ ಮೂರು ಹೊತ್ತು ಹೇಳಿ, ಗೊತ್ತಾಗಬೇಕಾದವರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಪ್ರಾರ್ಥನೆ ಅನ್ನುತ್ತಾರೆಯೇ ಎಂದು ಯೋಚಿಸುತ್ತ ನಿಂತವನ ಕೈಯಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು.

"ರೀ, ನೀವು ಈ ಮುಖ ಮಾಡೋದು ಎರಡೇ ಸಲ," ಎಂದಳು ಹೆಂಡತಿ, ಮಗಳ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತುತ್ತ. "ಹೊಟ್ಟೆ ಕೆಟ್ಟಾಗ ಒಂದ್ಸಲ, ಏನಾದ್ರೂ ತಪ್ಪು ಮಾಡ್ಕೊಂಡು ಬಂದಾಗ ಒಂದ್ಸಲ. ಹೊಟ್ಟೆದಾದ್ರೆ ಡಬ್ಬೀಲಿ ಮಾತ್ರೆ ಇದೆ. ಇನ್ನೊಂದಕ್ಕೆ ನನ್ನ ಹತ್ರ ಏನೂ ಇಲ್ಲ."

"ಹೊಟ್ಟೆದೇ," ಎಂದ.

"ಹಾಗಾದ್ರೆ ಎರಡು ನುಂಗಿ."

ನುಂಗಿದ. ಹೊಟ್ಟೆ ಚೆನ್ನಾಗಿಯೇ ಇತ್ತು.

ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಅವನಿಗೆ ಕೆಲಸ. ಅಲ್ಲಿಯ ನಲವತ್ಮೂರು ಕಂಪ್ಯೂಟರುಗಳ ಆರೋಗ್ಯ ಅವನ ಪಾಲಿನದು. ಸದಾ ಹೆಗಲಿಗೊಂದು ಕೇಬಲ್ಲಿನ ಸುರುಳಿ ನೇತುಹಾಕಿಕೊಂಡು ತಿರುಗುತ್ತಿದ್ದುದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಉಳಿದೆಲ್ಲರ ಬಾಯಲ್ಲಿ ಅವನು ತಂತಿಯಾಗಿದ್ದ. ಆ ಕಂಪ್ಯೂಟರುಗಳನ್ನು ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಈ ಶುಕ್ರವಾರದಿಂದಾಚೆ ಯಾರ ಬೆಂಬಲವೂ ಇಲ್ಲ. ಹೊಸ ವೈರಸ್ಸು ಬಂದರೆ ತಡೆಯುವವರಿಲ್ಲ, ತೂತು ಬಿದ್ದರೆ ಮುಚ್ಚುವವರಿಲ್ಲ. ಅಷ್ಟರೊಳಗೆ ಎಲ್ಲ ಕಂಪ್ಯೂಟರುಗಳಿಗೂ ಹೊಸತನ್ನು ಹಾಕಿ ಮುಗಿಸಬೇಕೆಂದು ನಿರ್ದೇಶಕಿಯಿಂದ ಎರಡು ತಿಂಗಳ ಹಿಂದೆಯೇ ಪತ್ರ ಬಂದಿತ್ತು. ಅವನು ಗೋಡೆಗೊಂದು ಹಾಳೆ ಅಂಟಿಸಿ ನಲವತ್ಮೂರು ಚೌಕ ಬರೆದು, ಒಂದೊಂದು ಮುಗಿದಾಗಲೂ ಒಂದೊಂದಕ್ಕೆ ಹಸಿರು ಪೆನ್ಸಿಲಿನಿಂದ ಬಣ್ಣ ತುಂಬುತ್ತ ಬಂದಿದ್ದ. ಆ ಹಾಳೆಯ ಮುಂದೆ ನಿಂತಾಗ, ಬೆಳೆದ ಮಗನನ್ನು ನೋಡುವ ತಂದೆಯ ಹಾಗೆ ಒಂದು ಸಣ್ಣ ಹೆಮ್ಮೆ ಅವನೊಳಗೆ ಅಲುಗಾಡುತ್ತಿತ್ತು. ಮೂರು ದಿನದ ಹಿಂದಿನವರೆಗೆ. ಈಗ ಇಪ್ಪತ್ತೇಳನೆಯ ಚೌಕದ ಹಸಿರು ಕಣ್ಣಿಗೆ ಬಿದ್ದರೆ ಸಾಕು, ಒದ್ದೆ ಗೋಡೆಯಲ್ಲಿ ಪಾಚಿ ಕಂಡ ಹಾಗಾಗುತ್ತಿತ್ತು.

ಬಸ್ಸು ಮಂಜಿನಲ್ಲಿ ತೆವಳಿತು. ಇಪ್ಪತ್ತೇಳನೆಯದು, ಕಾಲಿನ ಅಚ್ಚು ತೆಗೆಯುವ ಕೋಣೆಯ ಕಂಪ್ಯೂಟರು. ಅದು ಆ ಒಂದೇ ದಿನದಲ್ಲಿ ಅವನು ಕೈ ಹಾಕಿದ ಆರನೆಯ ಯಂತ್ರ, ಊಟ ಮಾಡಿರಲಿಲ್ಲ. ಪರದೆಯ ಮೇಲಿದ್ದ ಫೈಲುಗಳು, ದಾಖಲೆಗಳು, ಚಿತ್ರಗಳು, ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಇಳಿಸಿಕೊಂಡ. ಪರದೆಯ ಮೂಲೆಯ ಕಸದ ಬುಟ್ಟಿಯ ಚಿತ್ರ ಕಾಗದದಿಂದ ತುಂಬಿ ಉಬ್ಬಿತ್ತು. ಕಂಡಿತ್ತು, ಕಾಣಲಿಲ್ಲವೆಂದು ಈಗ ಯಾರ ಮುಂದೆ ಹೇಳಲಿ? ಬಸ್ಸಿನ ಗಾಜಿಗೆ ಹಣೆ ಒತ್ತಿ ಅವನು ಆ ಉಬ್ಬಿದ ಬುಟ್ಟಿಯನ್ನು ಮತ್ತೆ ನೋಡಿದ. ಅವನ ಕೈಯಲ್ಲಿದ್ದ ಕೆಲಸಗಳ ಪಟ್ಟಿಯಲ್ಲಿ ಒಂದು ಸಾಲಿತ್ತು: ಬಳಸುವವರನ್ನು ಕೇಳಿದ್ದಾಯಿತೇ? ಕೇಳಲೆಂದೇ ಒಳಬಾಗಿಲವರೆಗೆ ಹೋಗಿದ್ದ. ಒಳಗೆ ಅಚ್ಚಿನ ಮೇಷ್ಟ್ರು ಯಾರದೋ ಮೊಂಡು ತೊಡೆಗೆ ಪ್ಲಾಸ್ಟರಿನ ಒದ್ದೆ ಬಟ್ಟೆ ಸುತ್ತುತ್ತಿದ್ದರು, ಮೊಣಕೈವರೆಗೆ ಬಿಳಿ, ಬಾಯಲ್ಲೊಂದು ಪೆನ್ಸಿಲು. ಈಗ ಕೇಳಿದರೆ ಕೈ ತೊಳೆದುಕೊಂಡು ಬರುತ್ತಾರೆ, ಅರ್ಧ ಗಂಟೆ ಹೋಗುತ್ತದೆ ಎಂದುಕೊಂಡು ಹಿಂತಿರುಗಿ, ಆ ಸಾಲಿಗೂ ಒಂದು ಗುರುತು ಹಾಕಿ, ಹಳೆಯದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿದ್ದಕ್ಕೆ ಹೌದು ಎಂಬುದನ್ನು ಒತ್ತಿಬಿಟ್ಟಿದ್ದ. ಒಂದು ಬೆರಳು. ಅಷ್ಟೇ ಭಾರ.

ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಮೇಷ್ಟ್ರು ಅಚ್ಚಿನ ಕೋಣೆಯಿಂದಲೇ ಕೂಗಿ ಕರೆದರು. ಸಿಟ್ಟಿಲ್ಲದ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವವರ ಧ್ವನಿ. "ಏನಯ್ಯಾ ತಂತಿ, ನನ್ನ ಬುಟ್ಟಿ ಖಾಲಿ ಇದೆಯಲ್ಲ?"

"ಬುಟ್ಟಿ ಖಾಲಿ ಇದ್ರೆ ಒಳ್ಳೇದೇ ಅಲ್ವಾ ಮೇಷ್ಟ್ರೇ. ಕಸ ಹೋಯ್ತು."

"ಕಸ ಅಲ್ಲಯ್ಯಾ. ನನ್ನ ಜನ ಇದ್ರಲ್ಲ ಅದರಲ್ಲಿ."

ಆಗ ಅವನು ನಕ್ಕಿದ್ದ. ಆ ನಗುವೇ ಅವನನ್ನು ಮೂರು ದಿನದಿಂದ ಬಿಡದೆ ಕಾಡುತ್ತಿದ್ದದ್ದು. ಬೆಲ್ಟು ಹೊಲಿಯುವಾಕೆ ಅಲ್ಲೇ ಇದ್ದಳು, ಸ್ಟೋರಿನವನು ಒಂದು ಪೆಟ್ಟಿಗೆ ಇಳಿಸುತ್ತಿದ್ದ. ಅವರಿಗೂ ಕೇಳಲೆಂದು ಅವನು ಸ್ವಲ್ಪ ದನಿ ಏರಿಸಿಯೇ ಅಂದಿದ್ದ: "ಅಲ್ಲ ಮೇಷ್ಟ್ರೇ, ಬೇಕಾದ್ದನ್ನ ಯಾರಾದ್ರೂ ಕಸದ ಬುಟ್ಟೀಲಿ ಇಡ್ತಾರಾ? ನಾಳೆ ಬೀರು ಬಿಟ್ಟು ಬಚ್ಚಲಲ್ಲಿ ಬಟ್ಟೆ ಇಡ್ತೀರಾ?" ಬೆಲ್ಟು ಹೊಲಿಯುವಾಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸ್ಟೋರಿನವನಂತೂ ಪೆಟ್ಟಿಗೆ ಕೆಳಗಿಟ್ಟೇ ನಕ್ಕ. ಮೇಷ್ಟ್ರು ಕೂಡ, ನಗು ಹೇಗೆ ಮಾಡುವುದೆಂದು ನೆನಪಿಸಿಕೊಳ್ಳುವವರಂತೆ, ತುಟಿಯನ್ನು ಒಂದಿಷ್ಟು ಎಳೆದರು. ಆಮೇಲೆ ಅವರು ತಮ್ಮ ಕೈಗಳನ್ನು ನೋಡಿಕೊಂಡ ಬಗೆ! ಅವನು ಕೈ ತೊಳೆಯಲೆಂದು ಹಿಂದಿನ ಓಣಿಯ ನಲ್ಲಿಗೆ ಹೋಗಿ ನೀರು ಬಿಟ್ಟ, ಬೆರಳು ಒದ್ದೆಯಾದ ಆ ಕ್ಷಣದಲ್ಲಿ ಅವನಿಗೆ ನೆನಪಾಯಿತು. ಇಡಿಯಾಗಿ, ಬೆಳಕಿನ ಸಮೇತ. ಹನ್ನೊಂದು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿ ಎರಡನೆಯ ವಾರ. ಹೆಗಲಿಗೆ ಸುರುಳಿ. ಮೇಷ್ಟ್ರು ಬಂದು, ನೋಡಪ್ಪಾ, ನಾನು ಬರೆದಿಟ್ಟದ್ದನ್ನೆಲ್ಲ ಯಾರ್ಯಾರೋ ಬಂದು ಅಲ್ಲಿಗಿಲ್ಲಿಗೆ ಎಸೀತಾರೆ, ಈ ಕಂಪ್ಯೂಟರು ಹತ್ತು ಜನರದು, ಯಾರೂ ಮುಟ್ಟದ ಜಾಗ ಯಾವುದು ಇದರಲ್ಲಿ, ಎಂದು ಕೇಳಿದ್ದರು. ಹೊಸಬನ ಹುರುಪಿನಲ್ಲಿ, ಎಲ್ಲರನ್ನೂ ನಗಿಸಬೇಕೆಂಬ ಹಂಬಲದಲ್ಲಿ ಅವನೇ ಹೇಳಿದ್ದ: "ಕಸದ ಬುಟ್ಟಿಗೆ ಹಾಕಿಬಿಡಿ ಮೇಷ್ಟ್ರೇ. ಈ ಕಟ್ಟಡದಲ್ಲಿ ಅದಕ್ಕೆ ಯಾರೂ ಕೈ ಹಾಕಲ್ಲ."

ಬೇರೆ ಯಾವ ಕಚೇರಿಯಲ್ಲಾದರೂ ಆ ಮಾತು ತಮಾಷೆಯಾಗಿ ಗಾಳಿಗೆ ಹೋಗುತ್ತಿತ್ತು. ಅಚ್ಚಿನ ಕೋಣೆಯಲ್ಲಿ ಅದು ಹೋಗುವಂತಿರಲಿಲ್ಲ, ಏಕೆಂದರೆ ಆ ಕೋಣೆಯ ಧರ್ಮವೇ ಬೇರೆ. ಅಲ್ಲಿ ಒಂದು ಕಾಲು ತಯಾರಾಗಿ, ಅದನ್ನು ತೊಟ್ಟವರು ಬಾಗಿಲು ದಾಟಿ ನಡೆದು ಹೋಗುವವರೆಗೆ ಕಸದ ಬುಟ್ಟಿಯನ್ನು ಚೆಲ್ಲುವಂತಿಲ್ಲ. ಒಡೆದ ಅಚ್ಚು, ಕತ್ತರಿಸಿದ ಅಂಚು, ಕೆರೆದ ಪುಡಿ ಎಲ್ಲ ಬುಟ್ಟಿಯಲ್ಲಿ ಇರಬೇಕು. ಎಲ್ಲಿ ಹೆಚ್ಚು ಕೆರೆದೆವು, ಎಲ್ಲಿ ಕಡಿಮೆ ಎಂಬುದು ಕಸದಲ್ಲೇ ತಿಳಿಯುವುದು. ಮೇಷ್ಟ್ರಿಗೆ ಅದನ್ನು ಕಲಿಸಿದವರು ಅವರ ಗುರುಗಳು, ಅವರಿಗೆ ಅವರ ಗುರುಗಳು. ಹೀಗಾಗಿ ಹೊಸಬನ ತಮಾಷೆ ಮೇಷ್ಟ್ರ ಕಿವಿಗೆ ಬುದ್ಧಿಮಾತಾಗಿ ಬಿತ್ತು. ಓಹೋ, ಈ ಯಂತ್ರಕ್ಕೂ ಅದೇ ನಿಯಮವೇ ಅಂದುಕೊಂಡಿರಬೇಕು. ಅಂದಿನಿಂದ ಹನ್ನೊಂದು ವರ್ಷ, ಒಬ್ಬೊಬ್ಬರ ನಡಿಗೆಯ ಬಗ್ಗೆ ಒಂದೊಂದು ಪುಟ ಬರೆದು ಬುಟ್ಟಿಗೆ ಹಾಕುತ್ತಿದ್ದರು. ಆ ಕಾಲು ತೊಟ್ಟವರು ಮರಳಿ ಬಂದಾಗ ಆ ಪುಟವನ್ನು ಹೊರಗೆ ಎಳೆದು, ಓದಿ, ಒಂದು ಸಾಲು ಸೇರಿಸಿ, ಮತ್ತೆ ಬುಟ್ಟಿಗೆ. ಆರುನೂರಕ್ಕೂ ಹೆಚ್ಚು ಜನ. ಅಳತೆಗಳು ಬೇರೆ ಕಡೆ ಇದ್ದವು, ಅವು ಉಳಿದವು. ಹೋದದ್ದು ಅಳತೆಗೆ ಸಿಗದ್ದು: ಹಿಮ್ಮಡಿ ಒಂದು ನೂಲು ಏರಿಸು, ಇವನು ಸುಳ್ಳು ಹೇಳುತ್ತಾನೆ, ನೋವಾದರೂ ನೋವಿಲ್ಲ ಅನ್ನುತ್ತಾನೆ. ಸೆಕೆಗೆ ಇವಳ ಮೊಂಡು ಊದಿಕೊಳ್ಳುತ್ತದೆ, ಸಡಿಲ ಬಿಡು. ಅವನು ಎರಡು ದಿನ ಕೂತು ಆ ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಕೆದಕಿದ್ದ. ಹೊಸತು ಹಳೆಯದರ ಮೇಲೆ ಪೂರ್ತಿ ಮಲಗಿಬಿಟ್ಟಿತ್ತು. ಸಿಕ್ಕಿದ್ದು ಕೆಲವು ಹೆಸರುಗಳು, ಮೇಷ್ಟ್ರೇ ಇಟ್ಟ ಅಡ್ಡಹೆಸರುಗಳು: ಬಾತುಕೋಳಿ. ಎಡಕ್ಕೆ ವಾಲುವವರು. ಅವಸರದ ಅಜ್ಜ. ತೆರೆದರೆ ಒಳಗೆ ಏನೂ ಇಲ್ಲ.

ಹತ್ತು ಗಂಟೆಗೆ ನಿರ್ದೇಶಕಿ ಕರೆಸಿದರು. ಅವರ ಕೋಣೆ ಸದಾ ಮೌನವಾಗಿರುತ್ತದೆ. ಕಿಟಕಿಗೆ ಎರಡು ಪದರ ಗಾಜು. ಎಲ್ಲರನ್ನೂ "ನೋಡಿ ಇವರೇ" ಎಂದು ಮಾತಾಡಿಸುವ, ಕೆಟ್ಟವರಲ್ಲದ ಹೆಂಗಸು. "ನೋಡಿ ಇವರೇ, ಆಡಳಿತ ಮಂಡಳಿಯವರು ಕೇಳ್ತಾ ಇದಾರೆ. ಎರಡು ದಿನದಲ್ಲಿ ನಾಲ್ಕು ಜನ ಬಂದು ಕಾಲು ಸರಿ ಕೂರ್ತಿಲ್ಲ ಅಂತ ಹೇಳಿ ಹೋಗಿದಾರೆ. ಟಿಪ್ಪಣಿ ಎಲ್ಲಿ ಅಂದ್ರೆ ಕಸದ ಬುಟ್ಟೀಲಿತ್ತು ಅಂತಾರಂತೆ ಮೇಷ್ಟ್ರು! ನಾನು ಇದನ್ನ ಮಂಡಳಿಗೆ ಯಾವ ಬಾಯಲ್ಲಿ ಹೇಳಲಿ?" ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅವರಿಗೆ ವಯಸ್ಸು ಮೀರಿದೆ. ವರ್ಷ ವರ್ಷ ಮುಂದುವರಿಸ್ತಾ ಬಂದಿದೀವಿ. ಈ ತಿಂಗಳು ಮತ್ತೆ ಮಂಡಳಿ ಮುಂದೆ ಹೋಗಬೇಕು. ಈ ಸಲ ಆಗಲ್ಲ ಅನ್ಸುತ್ತೆ. ನಿಮ್ಮ ಕಡೆಯಿಂದ ಎಲ್ಲ ಸರಿ ಇದೆ ತಾನೆ? ಅಳಿಸೋ ಮುಂಚೆ ಕೇಳಿದ್ರಿ ತಾನೆ?"

ಗಾಜಿನಾಚೆ ಯಾರೋ ನಡೆಯುತ್ತಿದ್ದರು, ಸದ್ದಿಲ್ಲದೆ. ಇದೇ ಆ ಗಳಿಗೆ, ದೇವರೇ ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದಾನೆ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು. ಹೇಳಿದರೆ ಕೆಲಸ ಹೋಗುವುದಿಲ್ಲ ಎಂಬುದೂ ಗೊತ್ತಿತ್ತು. ಒಂದು ನೋಟಿಸು, ಒಂದು ವಾರದ ಗುಸುಗುಸು, ಸ್ಟೋರಿನವನ ನಾಲ್ಕು ಕುಚೋದ್ಯ. ಇಷ್ಟಕ್ಕೆ ಹೆದರುತ್ತಿದ್ದೇನೆಯೇ ಎಂದು ತನ್ನನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿರುವಾಗಲೇ ಅವನ ಬಾಯಿ ಅವನನ್ನು ಕೇಳದೆ ಅಂದಿತು: "ಪಟ್ಟೀಲಿ ಗುರುತು ಇದೆ ಮೇಡಂ."

ಅದು ಸುಳ್ಳಲ್ಲ. ಪಟ್ಟಿಯಲ್ಲಿ ಗುರುತು ಇತ್ತು.

"ಅಷ್ಟು ಸಾಕು," ಎಂದು ನಿರ್ದೇಶಕಿ ಉಸಿರು ಬಿಟ್ಟರು. ಟೈಪು ಮಾಡಿದ ಒಂದು ಹಾಳೆಯನ್ನು ಮುಂದಕ್ಕೆ ಸರಿಸಿದರು. ದಾಖಲೆಗಳನ್ನು ಇಡಬಾರದ ಜಾಗದಲ್ಲಿ ಇಟ್ಟದ್ದು ನನ್ನ ಅಜಾಗರೂಕತೆ ಎಂಬಲ್ಲಿಗೆ ಮುಗಿಯುವ ಐದು ಸಾಲು. "ನೀವೇ ಹೋಗಿ ಅವರ ಸಹಿ ತಂದುಬಿಡಿ. ನಾನು ಹೋದ್ರೆ ಅವರಿಗೂ ಕಷ್ಟ, ನನಗೂ ಕಷ್ಟ. ನಿಮ್ಮನ್ನ ಕಂಡ್ರೆ ಅವರಿಗೆ ಅಕ್ಕರೆ."

ಅಚ್ಚಿನ ಕೋಣೆಗೆ ಎಪ್ಪತ್ತು ಹೆಜ್ಜೆ. ಕಾಲಿಲ್ಲದವರು ನಡಿಗೆ ಕಲಿಯಲೆಂದು ಆ ಓಣಿಯ ನೆಲದ ಮೇಲೆ ಹಳದಿ ಪಾದಗಳನ್ನು ಬರೆದಿದ್ದಾರೆ. ಹಾಳೆ ಹಿಡಿದು ಅವುಗಳ ಮೇಲೆ ನಡೆಯುತ್ತಿದ್ದವನಿಗೆ ಒಂದು ಹೆಜ್ಜೆಯೂ ಸರಿಯಾಗಿ ಬೀಳುತ್ತಿಲ್ಲವೆನಿಸಿತು. ಚಿಕ್ಕಂದಿನಲ್ಲಿ ಒಮ್ಮೆ ಅವನು ಕನ್ನಡಿ ಒಡೆದದ್ದಕ್ಕೆ ಅವನ ತಮ್ಮ ಪೆಟ್ಟು ತಿಂದಿದ್ದ. ಆಗಲೂ ಹೀಗೆಯೇ, ಅಪ್ಪ ಕೋಲು ತಾ ಎಂದಾಗ ಅದನ್ನು ತಂದುಕೊಟ್ಟವನು ಅವನೇ. ತಮ್ಮ ಅದನ್ನು ಮರೆತು ಎಷ್ಟೋ ಕಾಲವಾಯಿತು, ದೂರದ ಊರಲ್ಲಿ ಸುಖವಾಗಿದ್ದಾನೆ. ಮರೆತವರದು ಸುಖವೋ, ಮರೆಯಲಾರದವರದು ಶಿಕ್ಷೆಯೋ, ಇದನ್ನೆಲ್ಲ ಬರೆದಿಡುವವನೊಬ್ಬನಿದ್ದರೆ ಅವನ ಬುಟ್ಟಿ ಎಂದೂ ಖಾಲಿಯಾಗುವುದಿಲ್ಲ.

ಒಳಗೆ, ಎರಡು ಉದ್ದದ ಕಂಬಿಗಳ ನಡುವೆ ಟಪಾಲಿನಾಕೆ ನಿಂತಿದ್ದಳು. ಊರ ಅರ್ಧಕ್ಕೆ ಕಾಗದ ಹಂಚುವ ಗಟ್ಟಿ ಹೆಂಗಸು, ಬಲ ಮೊಣಕಾಲಿನಿಂದ ಕೆಳಗೆ ಕೃತಕ ಕಾಲು. ಎರಡು ವಾರದ ಹಿಂದೆ ಯಾವುದೋ ಮನೆಯ ಮೆಟ್ಟಿಲಲ್ಲಿ ಬಿದ್ದು ಅವಳ ಹಳೆಯ ಕಾಲು ಉದ್ದಕ್ಕೂ ಸೀಳಿತ್ತು. ಆ ಸೀಳಿದ ಕಾಲಿನಿಂದ ಉದ್ದ ತಿಳಿಯಿತೇ ಹೊರತು ಅದು ಯಾವ ಕಡೆಗೆ ಎಷ್ಟು ಓರೆಯಾಗಿತ್ತೆಂಬುದು ತಿಳಿಯಲಿಲ್ಲ. ಆ ಓರೆಯನ್ನು ಕಂಡುಹಿಡಿಯಲು ಮೇಷ್ಟ್ರಿಗೆ ಹಿಂದೆ ಏಳು ತಿಂಗಳು ಹಿಡಿದಿತ್ತು, ಕಂಡದ್ದು ಬುಟ್ಟಿಯಲ್ಲಿತ್ತು. ಈಗ ಅವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹೊಸ ಕಾಲಿನ ಪಾದವನ್ನು ತಿರುಗಿಸುತ್ತ, ನಡಿ ಎನ್ನುತ್ತ, ನಿಲ್ಲು ಎನ್ನುತ್ತ, ಮತ್ತೆ ತಿರುಗಿಸುತ್ತ ಇದ್ದರು.

"ಅಣ್ಣಾ, ಹಳೇದರ ಹಾಗೆ ಇಲ್ಲ ಇದು. ಸೊಂಟಕ್ಕೆ ಹತ್ತುತ್ತೆ."

"ಹಳೇದರ ಗುಟ್ಟು ನನ್ನ ಕೈಲಿಲ್ಲವಮ್ಮಾ ಈಗ. ಇನ್ನೊಂದು ಸಲ ನಡಿ."

"ನಡೀತೀನಿ ಬಿಡಿ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡೋಕೆ ಬರುತ್ತಾ ಅಂತ ಹೇಳಿ."

"ಆ ಕಾಲನ್ನೇ ಮುಂದೆ ಚಾಚು. ಕಚ್ಚಿ ಹಲ್ಲು ಮುರ್ಕೊಂಡು ಹೋಗುತ್ತೆ."

ಅವಳು ಗಹಗಹಿಸಿ ನಕ್ಕಳು. ಮೇಷ್ಟ್ರೂ ನಕ್ಕರು. ನಗು ನಿಂತ ಮೇಲೆ ಅವಳು ನಡೆದಳು, ಕಂಬಿ ಬಿಟ್ಟು, ಗೋಡೆಯವರೆಗೆ. ಎಡ ಹೆಜ್ಜೆ ಖಚಿತವಾಗಿ ಬೀಳುತ್ತಿತ್ತು, ಬಲದ್ದು ಒಂದು ಕ್ಷಣ ತಡೆದು, ಅನುಮಾನಿಸಿ, ಒರೆಸಿಕೊಂಡು ಬರುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಹಳೆಯ ಸದ್ದನ್ನು ನೆನಪಿನಿಂದ ಮೇಲೆತ್ತಲು ನೋಡುತ್ತಿದ್ದಾರೆಂದು, ಅದು ಕೈಗೆ ಬಂದೂ ಬಾರದೆ ಜಾರುತ್ತಿದೆಯೆಂದು ಬಾಗಿಲಲ್ಲಿ ನಿಂತವನಿಗೆ ಅವರ ರೆಪ್ಪೆ ನೋಡಿಯೇ ತಿಳಿಯಿತು. "ಇವತ್ತಿಗೆ ಇಷ್ಟೇ ನನ್ನ ಕೈಲಾಗೋದು," ಎಂದರು ಮೇಷ್ಟ್ರು ಕೊನೆಗೆ, ಎಂದೂ ಆಡದ ಮಾತನ್ನು ಆಡಿದವರ ನಾಚಿಕೆಯಿಂದ. "ಹೊರಗೆ ಸ್ವಲ್ಪ ಹೊತ್ತು ನಡೆದಾಡಿ ನೋಡಮ್ಮಾ."

ಅವಳು ಹೋದ ಮೇಲೆ ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ಮೇಷ್ಟ್ರು ನಿಂತುಕೊಂಡೇ ಓದಿದರು.

"ಮೇಷ್ಟ್ರೇ," ಎಂದ. "ಬುಟ್ಟೀಲಿ ಹಾಕಿ ಅಂತ ನಿಮಗೆ ಹೇಳಿದ್ದು..."

"ನೀನು. ಗೊತ್ತು."

"ನೆನಪಿತ್ತಾ ನಿಮಗೆ?"

"ಮರೆಯೋಕಾಗುತ್ತಾ? ಹೆಗಲ ಮೇಲೆ ಕೇಬಲ್ಲು ಹಾಕ್ಕೊಂಡು ಹಾವಾಡಿಸೋನ ಹಾಗೆ ನಿಂತಿದ್ದೆ. ಹೊಸಬ, ಆದ್ರೂ ನಮ್ಮ ಕೋಣೆ ಪದ್ಧತಿ ಅರ್ಥ ಮಾಡ್ಕೊಂಡಿದಾನಲ್ಲ ಅಂತ ಅವತ್ತು ಎಷ್ಟು ಸಂತೋಷ ಆಗಿತ್ತು ನಂಗೆ."

"ಮೊನ್ನೆ ಎಲ್ಲರ ಮುಂದೆ ನಾನು ಹಾಗೆ ನಕ್ಕಾಗ ನೀವು ಹೇಳಬಹುದಿತ್ತಲ್ಲ. ಇವನೇ ಹೇಳಿದ್ದು ಅಂತ."

ಮೇಷ್ಟ್ರು ಬೆರಳಿನ ಸಂದಿಯಲ್ಲಿ ಒಣಗಿದ ಬಿಳಿಯನ್ನು ಉಗುರಿನಿಂದ ಕೆರೆದು ಬುಟ್ಟಿಯೊಳಗೆ ಉದುರಿಸಿದರು. ಆಮೇಲೆ ಬಹಳ ಮೆಲ್ಲಗೆ, ಬೈಗುಳದ ನೆರಳೂ ಇಲ್ಲದೆ ಅಂದರು: "ನಿಂಗೇ ನೆನಪಾಗಲಿ ಅಂತ ಸುಮ್ಮನಿದ್ದೆ. ಈಗ ಹೇಳಿದೆಯಲ್ಲ, ಒಳ್ಳೇದು. ಆದ್ರೆ ಇಲ್ಲಿ ಹೇಳಿದೆ ತಂತಿ. ಹೇಳಬೇಕಾದ ಕೋಣೆ ಆ ಕಡೆ ಇದೆ."

"ಈಗಲೇ ಹೋಗಿ ಹೇಳ್ತೀನಿ. ಸಹಿ ಮಾಡಬೇಡಿ."

"ಹೇಳು," ಎಂದರು ಮೇಷ್ಟ್ರು. ಹೇಳುತ್ತಾ, ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ಹಾಳೆಯ ಅಂಚಿನಲ್ಲಿ ಅವರ ಹೆಬ್ಬೆರಳ ಗೆರೆಗಳೆಲ್ಲ ಬಿಳಿಯಾಗಿ ಮೂಡಿದವು. "ನೀನು ಹೇಳಿದ್ರೆ ಇದನ್ನ ಹರಿದು ಹಾಕ್ತಾರೆ. ಹೇಳದಿದ್ರೆ ಇದು ಬೇಕಾಗುತ್ತೆ. ಯಾವುದಕ್ಕೂ ಇರಲಿ."

ಮತ್ತೆ ಎಪ್ಪತ್ತು ಹೆಜ್ಜೆ. ಒಂದೊಂದು ಹಳದಿ ಪಾದಕ್ಕೂ ಅವನು ಮಾತನ್ನು ಹೊಂದಿಸಿಕೊಂಡ: ಮೇಡಂ, ಒಂದು ವಿಷಯ. ಮೇಡಂ, ಗುರುತು ಇತ್ತು, ಆದರೆ ನಾನು ಕೇಳಿರಲಿಲ್ಲ. ಮೇಡಂ, ಬುಟ್ಟಿ ಅಂತ ಹೇಳಿದವನು ನಾನು. ಮಾತು ಎಷ್ಟು ಸರಳವಾಗಿತ್ತೆಂದರೆ ಓಣಿಯ ಕೊನೆಯಲ್ಲಿ ಅವನಿಗೆ ಹೆಚ್ಚುಕಡಿಮೆ ಸಂತೋಷವೇ ಆಗತೊಡಗಿತ್ತು. ದೇವರೇ, ಇಷ್ಟೇ ತಾನೆ ಎಂದು ಮನಸ್ಸಿನಲ್ಲೇ ಕೈ ಮುಗಿದು ಬಾಗಿಲು ತಳ್ಳಿದ. ನಿರ್ದೇಶಕಿ ಫೋನಿನಲ್ಲಿದ್ದರು. ಅತ್ತ ಕಡೆಯವರ ಮಾತಿಗೆ ಹೂಂಗುಟ್ಟುತ್ತಲೇ ಇವನನ್ನು ಕಂಡು, ಹುಬ್ಬೇರಿಸಿ, ಹಾಳೆಯನ್ನು ನೋಡಿ, ಮೇಜಿನ ಮೂಲೆಯ ಟ್ರೇಯತ್ತ ಬೆರಳು ತೋರಿಸಿದರು. ಅವನು ನಿಂತ. ಮೂರು ಉಸಿರಿನಷ್ಟು ಹೊತ್ತು ನಿಂತ. ನಾಲ್ಕನೆಯ ಉಸಿರಿಗೂ ನಿಂತಿದ್ದರೆ ಅವರು ಫೋನಿಗೆ ಕೈ ಅಡ್ಡ ಹಿಡಿದು ಏನು ಎಂದು ಕೇಳುತ್ತಿದ್ದರು. ಅವರು ಮತ್ತೊಮ್ಮೆ ಟ್ರೇ ತೋರಿಸಿದರು, ಈ ಸಲ ನಸುನಕ್ಕು. ಅವನು ಹಾಳೆಯನ್ನು ಟ್ರೇಯಲ್ಲಿಟ್ಟ, ಅಂಚು ಸರಿಮಾಡಿ ಇಟ್ಟ, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೊರಗೆ ಬಂದ. ಫೋನು ಮುಗಿಯಲಿ ಎಂದು ಹೊರಗಿನ ಬೆಂಚಿನ ಮೇಲೆ ಕೂತ. ಆಮೇಲೆ ಎದ್ದ. ಯಾಕೆ ಎದ್ದೆನೆಂದು ಅವನು ತನ್ನ ಆಯುಷ್ಯವೆಲ್ಲ ಕೇಳಿಕೊಳ್ಳಬೇಕಾಗಬಹುದು. ಆಗ ಮಾತ್ರ, ಇನ್ನೂ ಒಂದು ಯಂತ್ರ ಬಾಕಿ ಇದೆ ಎಂಬುದು ದೊಡ್ಡ ಕಾರಣದಂತೆ ತೋರಿತು.

ಕೊನೆಯದು, ನಲವತ್ಮೂರನೆಯದು, ಸ್ಟೋರಿನ ಕಿಂಡಿಯ ಕಂಪ್ಯೂಟರು. ಅದರ ಬುಟ್ಟಿಯನ್ನು ಮೊದಲು ತೆರೆದು ನೋಡಿದ. ಹಳೆಯ ರಸೀತಿಗಳು, ಯಾರೋ ಇಳಿಸಿಕೊಂಡ ಹಾಡು. ಎಲ್ಲವನ್ನೂ ಕಾಪಿ ಮಾಡಿಕೊಂಡ. ಸ್ಟೋರಿನವನನ್ನು ಎರಡೆರಡು ಸಲ ಕೇಳಿದ, ಅವನು, "ಏನಪ್ಪಾ, ಕಸಕ್ಕೂ ಮರ್ಯಾದೆ ಬಂತಲ್ಲ ಇವತ್ತು! ಮೇಷ್ಟ್ರ ಗಾಳಿ ಬಡೀತಾ?" ಎಂದು ನಗುತ್ತ ಊಟಕ್ಕೆ ಹೋದ. ಪರದೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು. ನೂರಕ್ಕೆ ಹನ್ನೆರಡು. ನೂರಕ್ಕೆ ಮೂವತ್ತು. ಯಂತ್ರವನ್ನು ಆರಿಸಬೇಡಿ. ಅವನು ನೋಡುತ್ತ ಕೂತ. ಶುಕ್ರವಾರದ ನಂತರ ಯಾವ ಕಳ್ಳನೂ ಒಳಗೆ ಬರಲಾರ, ಎಲ್ಲ ಭದ್ರ. ಪ್ರಾರ್ಥಿಸಲು ಕಣ್ಣು ಮುಚ್ಚಿದ. ಒಳಗೆ ಯಾರ ಹೆಸರು ಕರೆದರೂ ತೆರೆದರೆ ಖಾಲಿ.

ಓಣಿಯಲ್ಲಿ ಹೆಜ್ಜೆ ಕೇಳಿಸಿತು. ಒಂದು ಖಚಿತ, ಒಂದು ಎಳೆತ. ಅವನು ತಲೆ ಎತ್ತುವ ಮೊದಲೇ ಟಪಾಲಿನಾಕೆ ಕಿಂಡಿಯ ಮುಂದೆ ಬಂದು ನಿಂತಿದ್ದಳು. ಮೇಲ್ತುಟಿಯ ಮೇಲೆ ಬೆವರು. ಕಂಕುಳಲ್ಲಿ ಒಗೆದ ಟವೆಲ್ಲಿನಲ್ಲಿ ಸುತ್ತಿದ ಉದ್ದನೆಯದೊಂದು.

"ಸ್ಟೋರಿನಣ್ಣ ಇಲ್ವಾ?"

"ಊಟಕ್ಕೆ ಹೋದ. ನಾನು ತಗೋತೀನಿ, ಹೇಳಿ."

"ಎರವಲು ಕಾಲು ಸಾರ್," ಎಂದಳು. ಹೊಸದು ತಯಾರಾಗುವವರೆಗೆ ಸಂಸ್ಥೆ ಎಲ್ಲರಿಗೂ ಹಾಗೊಂದು ಕಾಲನ್ನು ಕೊಟ್ಟಿರುತ್ತದೆ. ಹೊಸದು ತೊಟ್ಟ ದಿನ ಮರಳಿಸಬೇಕು. ಎಷ್ಟೋ ಜನ ಮರಳಿಸುವುದಿಲ್ಲ, ಸ್ಟೋರಿನವನು ಪತ್ರ ಬರೆದು ಬರೆದು ಸೋಲುತ್ತಾನೆ.

ಅವನು ಪರದೆಯನ್ನು ನೋಡಿದ. ನೂರಕ್ಕೆ ಎಪ್ಪತ್ತೆರಡು. ಅದು ಮುಗಿಯುವವರೆಗೆ ಕಾಲು ಮರಳಿ ಬಂದದ್ದನ್ನು ಅದರಲ್ಲಿ ಬರೆದುಕೊಳ್ಳಲು ಆಗುತ್ತಿರಲಿಲ್ಲ. "ಹೊಸದು ಹೇಗಿದೆ?" ಎಂದು ಕೇಳಿದ, ಕೇಳಬಾರದಿತ್ತೆಂದು ತಿಳಿದೂ. "ಇಷ್ಟು ಬೇಗ ಯಾಕೆ ಕೊಡ್ತೀರಿ? ಇದನ್ನ ಇನ್ನೊಂದಿಷ್ಟು ದಿನ ಇಟ್ಕೊಳ್ಳಿ. ಯಾರೂ ಕೇಳಲ್ಲ."

"ರೂಢಿ ಆಗುತ್ತೆ ಬಿಡಿ. ಮೇಷ್ಟ್ರು ಪಾಪ, ಎಷ್ಟು ಒದ್ದಾಡಿದ್ರು." ಅವಳು ಮೈಭಾರವನ್ನು ಎಡಗಾಲಿಗೆ ಬದಲಿಸಿ ಮುಖ ಸ್ವಲ್ಪ ಕಿವುಚಿದಳು, ಮತ್ತೆ ಸರಿಪಡಿಸಿಕೊಂಡಳು. "ಯಾರಿಗೋ ಬೇಕಾಗಿರುತ್ತೆ ಇದು. ನಾನು ಇಟ್ಕೊಂಡು ಏನು ಮಾಡಲಿ?"

ಟವೆಲ್ಲು ಬಿಚ್ಚಿದಳು. ಕಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದ್ದಳು. ಒಳಗಿನ ಕಾಲುಚೀಲವನ್ನು ಒಗೆದು ಮಡಿಸಿ ಮೇಲಿಟ್ಟಿದ್ದಳು. "ಇದರ ಶೂಗೆ ಲೇಸು ಒಂದು ಕಿತ್ತುಹೋಗಿತ್ತು ಸಾರ್, ಹೊಸದು ಹಾಕಿದೀನಿ. ಬಣ್ಣ ಒಂದಿಷ್ಟು ಬೇರೆ," ಎಂದು, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಅದನ್ನು ಕಿಂಡಿಯೊಳಗೆ ಅವನತ್ತ ಚಾಚಿದಳು.